ಊರಿನ ಇಡುಗಂಟು, ವಿಶ್ವವಿದ್ಯಾಲಯದ ಪದಕ

“ನಮ್ಮ ತಂದೆಯವರ ಹೆಸರಿಲೆ ಯುನಿವರ್ಸಿಟಿಯೊಳಗ ಒಂದು ಬಂಗಾರದ ಪದಕ ಇಡಬೇಕಂತ ಮಾಡೇವ್ರಿ ಸರ, ಎಷ್ಟ ರೊಕ್ಕ ಕೊಡಬೇಕಾಗತದ?” ಧಾರವಾಡದ ಲೆಕ್ಕಪರಿಶೋಧಕನ ಕಚೇರಿಗೆ ಈ ಪ್ರಶ್ನೆ ಹೊಸದಲ್ಲ. ನಿವೃತ್ತಿಯ ಹಣ ಕೈಗೆ ಬಂದಾಗ, ಹಿರಿಯರ ವರ್ಷಾಬ್ದಿಕ ಹತ್ತಿರವಾದಾಗ, ಊರ ಹೊಲ ಮಾರಿ ಅಣ್ಣತಮ್ಮಂದಿರು ಪಾಲು ಹಂಚಿಕೊಂಡಾಗ ಕುಟುಂಬದವರು ಬಂದು ಇದನ್ನು ಕೇಳುತ್ತಾರೆ. ಮೊತ್ತವನ್ನು ಎಲ್ಲರೂ ಕೇಳುತ್ತಾರೆ. ಯಾರಿಗೆ ಕೊಡಬೇಕು, ಯಾವ ಷರತ್ತಿನ ಮೇಲೆ ಕೊಡಬೇಕು, ಮೂವತ್ತು ವರ್ಷಗಳ ನಂತರ ಆ ಹಣದ ಬಡ್ಡಿಯನ್ನು ಖರ್ಚು ಮಾಡುವ ಗುಮಾಸ್ತನ ಮುಂದೆ ಯಾವ ಕಾಗದ ಇರುತ್ತದೆ ಎಂಬುದನ್ನು ಕೇಳುವವರು ವಿರಳ. ಶಿಕ್ಷಣ ಸಂಸ್ಥೆಗಳು, ಸಾಹಿತ್ಯಕ ಸಂಘಗಳು ಮತ್ತು ದತ್ತಿಗಳ ಲೆಕ್ಕಪತ್ರಗಳನ್ನು ನೋಡುವುದೇ ನನ್ನ ವೃತ್ತಿಯ ಬಹುಪಾಲಾಗಿರುವುದರಿಂದ, ವಿಶ್ವವಿದ್ಯಾಲಯಕ್ಕೂ ಅದರ ಸುತ್ತಲಿನ ಊರಿಗೂ ನಡುವೆ ನಿಂತಿರುವ ಈ ಸಂಸ್ಥೆಗಳು ಹಣವನ್ನು ಹೇಗೆ ಹಿಡಿದಿಡುತ್ತವೆ, ಎಲ್ಲಿ ಕಳೆದುಕೊಳ್ಳುತ್ತವೆ ಎಂಬುದನ್ನು ಈ ಬಾರಿ ವಿವರಿಸುತ್ತೇನೆ.

ಧಾರವಾಡದ ಮಟ್ಟಿಗೆ ಈ ವಿಷಯಕ್ಕೆ ವಿಶೇಷ ತೂಕವಿದೆ, ಏಕೆಂದರೆ ಇಲ್ಲಿ ವಿಶ್ವವಿದ್ಯಾಲಯಕ್ಕಿಂತ ಅದರ ನೆರೆಹೊರೆಯ ಸಂಸ್ಥೆಗಳೇ ವಯಸ್ಸಿನಲ್ಲಿ ಹಿರಿಯವು. ಬಡ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿದ್ದು 1883ರಲ್ಲಿ. ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದದ್ದು 1890ರ ಜುಲೈ 20ರಂದು. ಆಗ ಈ ಭಾಗದ ಹುಡುಗರು ಕಾಲೇಜು ಓದಬೇಕೆಂದರೆ ಪುಣೆ ಇಲ್ಲವೆ ಮುಂಬಯಿಯ ದಾರಿ ಹಿಡಿಯಬೇಕಿತ್ತು. ಆ ಕೊರತೆಯನ್ನು ನೀಗಿಸಲು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ವಂತಿಗೆ ಕೂಡಿಸಿ, ಸರ್ಕಾರದ ಬೆನ್ನು ಹತ್ತಿ, 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವಂತೆ ಮಾಡಿದರು. ಆ ಕಾಲೇಜು ಇಂದಿಗೂ ಒಂದು ಕಾಲದ ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಟ್ಟಡದಲ್ಲಿಯೇ ನಡೆಯುತ್ತಿದೆ. ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು ಅದಕ್ಕೂ ಮೂರು ದಶಕಗಳ ನಂತರ: ಮುಂಬಯಿ ಪ್ರಾಂತದ ಕಾಯ್ದೆಯ ಮೂಲಕ 1949ರಲ್ಲಿ ಮುಂಬಯಿಯಲ್ಲಿಯೇ ಆರಂಭವಾಗಿ, ಮರುವರ್ಷ ಧಾರವಾಡಕ್ಕೆ ಸ್ಥಳಾಂತರವಾಯಿತು. ಊರು ಮೊದಲು ವಂತಿಗೆ ಕೂಡಿಸಿತು, ಸರ್ಕಾರ ಆಮೇಲೆ ಕಾಯ್ದೆ ಮಾಡಿತು.

ಈ ಕ್ರಮದ ಪರಿಣಾಮವಾಗಿ ಇಲ್ಲಿ ಎರಡೂ ಕಡೆ ಕಾಲಿಟ್ಟು ನಿಂತ ಜನರ ಒಂದು ಪರಂಪರೆಯೇ ಬೆಳೆಯಿತು. ಕವಿ ಚೆನ್ನವೀರ ಕಣವಿಯವರು 1956ರಿಂದ 1983ರವರೆಗೆ ವಿಶ್ವವಿದ್ಯಾಲಯದ ಪ್ರಸಾರಾಂಗದ ನಿರ್ದೇಶಕರಾಗಿದ್ದರು. ಪ್ರಾಧ್ಯಾಪಕರ ಉಪನ್ಯಾಸಗಳನ್ನು ಸಣ್ಣ ಬೆಲೆಯ ಕಿರುಹೊತ್ತಗೆಗಳನ್ನಾಗಿ ಮಾಡಿ ಹಳ್ಳಿಯ ಓದುಗರಿಗೆ ಮುಟ್ಟಿಸಿದ ಆ ವಿಭಾಗದ ಕೆಲಸ ವಿಶ್ವವಿದ್ಯಾಲಯದ ಗೋಡೆಯ ಹೊರಗೇ ಹೆಚ್ಚು ನಡೆಯಿತು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ವಿಭಾಗದ ಗೌರವ ನಿರ್ದೇಶಕರಾಗಿದ್ದರು, ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರೂ ಆಗಿದ್ದರು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಕಾಲೇಜಿನ ಅಧ್ಯಾಪಕರೂ ಕಾಲೇಜಿಗೆ ಸಂಬಂಧವೇ ಇಲ್ಲದ ಬರಹಗಾರರೂ ಕೂಡಿ ಕುಳಿತು ಹಸ್ತಪ್ರತಿ ಓದುತ್ತಿದ್ದರು. 1980ರ ದಶಕದ ಆರಂಭದಲ್ಲಿ ಗೋಕಾಕ ವರದಿಗಾಗಿ ನಡೆದ ಚಳವಳಿಯಲ್ಲಿ ವಿದ್ಯಾವರ್ಧಕ ಸಂಘದ ಪಾಟೀಲ ಪುಟ್ಟಪ್ಪನವರೂ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಚಂದ್ರಶೇಖರ ಪಾಟೀಲರೂ ಒಂದೇ ವೇದಿಕೆಯಲ್ಲಿ ಇದ್ದರು. ಇಂಥವರಿದ್ದಾಗ ಎರಡು ಸಂಸ್ಥೆಗಳ ನಡುವೆ ಒಪ್ಪಂದಪತ್ರದ ಅಗತ್ಯವೇ ಬೀಳುವುದಿಲ್ಲ. ಸಭಾಭವನ ಬೇಕಾದರೆ ಒಂದು ಮಾತು ಸಾಕು, ಪುಸ್ತಕ ಬೇಕಾದರೆ ಒಂದು ಚೀಟಿ ಸಾಕು. ಅವರು ನಿವೃತ್ತರಾದ ಮೇಲೆ ಮಾತೂ ಚೀಟಿಯೂ ಉಳಿಯುವುದಿಲ್ಲವಾದ್ದರಿಂದ, ವ್ಯಕ್ತಿಗಳ ಮೇಲೆ ನಿಂತ ಸಂಬಂಧವನ್ನು ಕಾಗದದ ಮೇಲೆ ನಿಲ್ಲಿಸುವ ಕೆಲಸ ಲೆಕ್ಕಪರಿಶೋಧಕನ ಪಾಲಿಗೆ ಬರುತ್ತದೆ.

ಕಾಯ್ದೆಯ ದೃಷ್ಟಿಯಿಂದ ನೋಡಿದರೆ ವಿಶ್ವವಿದ್ಯಾಲಯದೊಳಗೆ ಊರಿನ ಪಾಲು ಕಾಲಕ್ರಮದಲ್ಲಿ ತೆಳುವಾಗಿದೆ. ಹಿಂದಿನ ವ್ಯವಸ್ಥೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆ ಇತ್ತು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸೆನೆಟ್ ಇಲ್ಲ. ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿಗಳ ಮೂಲಕ ಆಡಳಿತ ನಡೆಯುತ್ತದೆ, ಸಿಂಡಿಕೇಟಿಗೆ ಹೊರಗಿನವರು ಬರುವುದು ಮುಖ್ಯವಾಗಿ ನಾಮನಿರ್ದೇಶನದ ದಾರಿಯಿಂದ. ಇದಕ್ಕೆ ಹೋಲಿಸಿದರೆ ಅದೇ ಊರಿನ ಕೃಷಿ ವಿಶ್ವವಿದ್ಯಾಲಯದ ಸ್ಥಿತಿ ಬೇರೆ. 1986ರಲ್ಲಿ ಸ್ವತಂತ್ರವಾದ ಆ ಸಂಸ್ಥೆಗೆ ಬೋಧನೆ, ಸಂಶೋಧನೆಗಳ ಜೊತೆಗೆ ವಿಸ್ತರಣೆಯೂ ಕರ್ತವ್ಯವೇ. ಅದಕ್ಕಾಗಿ ಪ್ರತ್ಯೇಕ ನಿರ್ದೇಶನಾಲಯ, ಕೃಷಿ ವಿಜ್ಞಾನ ಕೇಂದ್ರಗಳು, ಅನುದಾನದ ತಲೆಬರಹ ಎಲ್ಲವೂ ಇವೆ. ಸೆಪ್ಟೆಂಬರಿನ ಕೃಷಿ ಮೇಳಕ್ಕೆ ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವ ರೈತನಿಗೆ ವಿಶ್ವವಿದ್ಯಾಲಯ ತನ್ನದೆಂಬ ಭಾವನೆ ಇದ್ದರೆ ಅದರ ಹಿಂದೆ ಒಂದು ಆಯವ್ಯಯವಿದೆ. ಕಲೆ, ವಿಜ್ಞಾನ, ವಾಣಿಜ್ಯಗಳ ವಿಶ್ವವಿದ್ಯಾಲಯದಲ್ಲಿ ಆ ತೆರನ ಖಾತೆ ಇಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಪ್ರಸಾರಾಂಗದ ಉಪನ್ಯಾಸ ಬಿಟ್ಟರೆ ಉಳಿದದ್ದೆಲ್ಲ ಊರಿನವರು ಕೊಟ್ಟ ದತ್ತಿಯ ಬಡ್ಡಿಯಿಂದಲೇ ನಡೆಯಬೇಕು.

ಆದ್ದರಿಂದ ದತ್ತಿಯ ವಿಷಯಕ್ಕೆ ಬರೋಣ. ಇಡುಗಂಟನ್ನು ಮುಟ್ಟದೆ ಅದರ ಬಡ್ಡಿಯಿಂದ ಒಂದು ಕೆಲಸವನ್ನು ಪ್ರತಿವರ್ಷ ನಡೆಸುವುದು ದತ್ತಿಯ ತಿರುಳು. ಕೇಳಲು ಸರಳವಾದ ಈ ವ್ಯವಸ್ಥೆಯನ್ನು ಹಣದುಬ್ಬರ ಒಳಗಿನಿಂದ ಕೊರೆಯುತ್ತ ಹೋಗುತ್ತದೆ, ಮತ್ತು ಚಿನ್ನದ ಪದಕದಷ್ಟು ಬೇಗ ಇದನ್ನು ತೋರಿಸಿಕೊಡುವ ದತ್ತಿ ಇನ್ನೊಂದಿಲ್ಲ. 1980ರ ದಶಕದ ಆರಂಭದಲ್ಲಿ ಒಂದು ಕುಟುಂಬ ಪದಕಕ್ಕಾಗಿ 5,000 ರೂಪಾಯಿ ಇಟ್ಟಿತೆಂದು ಹಿಡಿಯಿರಿ. ಆಗ ಶೇಕಡಾ 10ರ ಬಡ್ಡಿ ಹುಟ್ಟುತ್ತಿತ್ತು, ವರ್ಷಕ್ಕೆ 500 ರೂಪಾಯಿ. ಹತ್ತು ಗ್ರಾಂ ಚಿನ್ನದ ಬೆಲೆ ಒಂದೂವರೆ ಸಾವಿರದ ಆಸುಪಾಸಿನಲ್ಲಿದ್ದುದರಿಂದ ಆ ಬಡ್ಡಿಗೆ ಮೂರು ಗ್ರಾಂ ಚಿನ್ನ ಬರುತ್ತಿತ್ತು, ಸಣ್ಣದಾದರೂ ನಿಜವಾದ ಪದಕವಾಗುತ್ತಿತ್ತು. ಅದೇ 5,000 ರೂಪಾಯಿಗೆ ಈಗ ಶೇಕಡಾ 7ರಂತೆ ಹಿಡಿದರೂ 350 ರೂಪಾಯಿ ಬಡ್ಡಿ. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿತು. ಲಕ್ಷದ ದರವನ್ನೇ ಹಿಡಿದರೂ 350 ರೂಪಾಯಿಗೆ ಸಿಗುವುದು ಮೂವತ್ತೈದು ಮಿಲಿಗ್ರಾಂ. ಘಟಿಕೋತ್ಸವದಲ್ಲಿ ರಾಜ್ಯಪಾಲರು ಕೊರಳಿಗೆ ಹಾಕುವ ಪದಕ ಬಹುಮಟ್ಟಿಗೆ ಬೆಳ್ಳಿಯೋ ತಾಮ್ರವೋ ಆಗಿ ಮೇಲೆ ಚಿನ್ನದ ಮುಲಾಮು ಹೊದ್ದಿರುವುದಕ್ಕೆ ಯಾರ ಅಪ್ರಾಮಾಣಿಕತೆಯೂ ಕಾರಣವಲ್ಲ, ಭಾಗಾಕಾರ ಅಷ್ಟೇ.

ಹಾಗಾದರೆ ಇಂದು ನಿಜವಾದ ಐದು ಗ್ರಾಂ ಪದಕ ಕೊಡಬೇಕೆಂದರೆ ಎಷ್ಟು ಬೇಕು? ಆ ಲಕ್ಷದ ದರವನ್ನೇ ಹಿಡಿದರೂ ಪದಕಕ್ಕೆ 50,000 ರೂಪಾಯಿ, ಅದನ್ನು ಶೇಕಡಾ 7ರ ಬಡ್ಡಿಯಿಂದ ತೆಗೆಯಲು ಸುಮಾರು 7 ಲಕ್ಷ 15 ಸಾವಿರ ಇಡುಗಂಟು. ಇದು ಮೊದಲ ವರ್ಷದ ಲೆಕ್ಕ ಮಾತ್ರ. ಬಡ್ಡಿಯ ಅರ್ಧವನ್ನು ಪ್ರತಿವರ್ಷ ಇಡುಗಂಟಿಗೆ ಮರಳಿ ಕೂಡಿಸಿ ಉಳಿದ ಅರ್ಧದಲ್ಲಿ ಪದಕ ಕೊಡಬೇಕೆಂದರೆ ಮೊತ್ತ ಇಮ್ಮಡಿಯಾಗಿ 14 ಲಕ್ಷ ಮೀರುತ್ತದೆ. ಇಷ್ಟನ್ನು ಕೇಳಿದ ಮೇಲೆ ಮುಕ್ಕಾಲು ಪಾಲು ಕುಟುಂಬಗಳು ಪದಕದ ಆಸೆ ಬಿಡುತ್ತವೆ, ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ಪದಕ ಗೆಲ್ಲುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಪದಕದ ಅಗತ್ಯ ಎಲ್ಲರಿಗಿಂತ ಕಡಿಮೆ ಇರುತ್ತದೆ; ಎಂ.ಎ. ಎರಡನೆಯ ವರ್ಷದ ಪರೀಕ್ಷಾ ಶುಲ್ಕ ಕಟ್ಟಲಾಗದೆ ಊರಿಗೆ ಹೋದವನ ಹೆಸರು ಯಾವ ಘಟಿಕೋತ್ಸವದ ಪುಸ್ತಿಕೆಯಲ್ಲಿಯೂ ಬರುವುದಿಲ್ಲ.

ಹಣದುಬ್ಬರಕ್ಕಿಂತ ಕೆಟ್ಟದ್ದು ದತ್ತಿಪತ್ರದ ಭಾಷೆ. ನಾನು ಕಂಡ ಒಂದು ದತ್ತಿಯ ಕಡತವನ್ನು ಇಲ್ಲಿ ಸ್ವಲ್ಪ ಬಿಡಿಸಿ ತೋರಿಸುವುದು ಉಪಯುಕ್ತ. ಮಾಸಿದ ಫುಲ್‌ಸ್ಕೇಪ್ ಹಾಳೆಯ ಮೇಲೆ ಬೆರಳಚ್ಚು ಮಾಡಿದ ಒಂದು ಪುಟದ ಪತ್ರ, ಕೆಳಗೆ ದಾನಿಯ ಸಹಿ, ಅಂಚಿನಲ್ಲಿ ಹಸಿರು ಶಾಯಿಯಲ್ಲಿ “ಸ್ವೀಕೃತ”. ಬಿ.ಎ. ಅಂತಿಮ ವರ್ಷದ ಪರೀಕ್ಷೆಯಲ್ಲಿ ಕನ್ನಡ ಪ್ರಧಾನ ವಿಷಯದ ಐದನೆಯ ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ಪಡೆದ, ಧಾರವಾಡ ಜಿಲ್ಲೆಯ ನಿವಾಸಿಯಾದ ವಿದ್ಯಾರ್ಥಿಗೆ ಬಹುಮಾನ ಕೊಡತಕ್ಕದ್ದು ಎಂದು ಅದರಲ್ಲಿದೆ. ಬರೆದ ದಿನ ಈ ವಾಕ್ಯದಲ್ಲಿ ಯಾವ ಗೊಂದಲವೂ ಇರಲಿಲ್ಲ. ಆಮೇಲೆ ವಾರ್ಷಿಕ ಪದ್ಧತಿ ಹೋಗಿ ಸೆಮಿಸ್ಟರ್ ಬಂದಿತು, ಐದನೆಯ ಪತ್ರಿಕೆ ಎಂಬುದೇ ಉಳಿಯಲಿಲ್ಲ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಜಿಲ್ಲೆಗಳಾದವು; ದಾನಿಯ ಮನೆತನ ರಾಣೇಬೆನ್ನೂರಿನದು, ಅದು ಈಗ ಹಾವೇರಿ ಜಿಲ್ಲೆಯಲ್ಲಿದೆ. 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷಗಳ ಪದವಿ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು, ಈ ನಡುವೆ ಅಂತಿಮ ವರ್ಷ ಎಂದರೆ ಯಾವುದೆಂಬ ಪ್ರಶ್ನೆಯೂ ಸೇರಿಕೊಂಡಿತು. ಅಕ್ಷರಶಃ ಓದಿದರೆ ದಾನಿಯ ಸ್ವಂತ ಊರಿನ ಹುಡುಗಿ ಬಹುಮಾನಕ್ಕೆ ಅನರ್ಹಳು. ಗುಮಾಸ್ತನಿಗೆ ಕಾಗದ ಮೀರುವ ಅಧಿಕಾರವಿಲ್ಲ, ಮೇಲಿನವರಿಗೆ ಇಷ್ಟು ಸಣ್ಣ ಮೊತ್ತದ ಕಡತ ಬಿಡಿಸಲು ಪುರುಸೊತ್ತಿಲ್ಲ, ಹೀಗೆ ಬಹುಮಾನ ನಿಂತುಹೋಗಿ ಬಡ್ಡಿ ಮಾತ್ರ ಖಾತೆಯಲ್ಲಿ ಕೂಡುತ್ತ ಹೋಯಿತು.

ಇದೇ ತೊಡಕಿನ ದೊಡ್ಡ ರೂಪ ವಿಶ್ವವಿದ್ಯಾಲಯದ ವ್ಯಾಪ್ತಿಯದು. ರಾಜ್ಯ ಒಂದಾದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿ ಬೀದರಿನಿಂದ ಕಾರವಾರದವರೆಗೆ ಹಬ್ಬಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2003ರಲ್ಲಿ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ತೀರ ಇತ್ತೀಚೆಗೆ ಹಾವೇರಿಯಲ್ಲಿ ಇನ್ನೊಂದು ಆದವು. ಪ್ರತಿ ಸಲ ಕಾಲೇಜುಗಳು ಹೊಸ ಮನೆಗೆ ಹೋದವು, ದತ್ತಿಯ ಹಣ ಹಳೆಯ ಮನೆಯಲ್ಲಿ ಉಳಿಯಿತು. ಬೆಳಗಾವಿಯ ವಕೀಲರೊಬ್ಬರ ಮಕ್ಕಳು ತಮ್ಮ ತಂದೆ ಓದಿದ ಕಾಲೇಜಿನ ವಿದ್ಯಾರ್ಥಿಗೆಂದು ಧಾರವಾಡದಲ್ಲಿ ಇಟ್ಟ ಹಣದಿಂದ ಈಗ ಆ ಕಾಲೇಜಿನ ಯಾವ ವಿದ್ಯಾರ್ಥಿಗೂ ಪದಕ ಕೊಡಲು ಬರುವುದಿಲ್ಲ, ಏಕೆಂದರೆ ಆ ವಿದ್ಯಾರ್ಥಿ ಈ ವಿಶ್ವವಿದ್ಯಾಲಯದವನೇ ಅಲ್ಲ. ವಿಶ್ವವಿದ್ಯಾಲಯ ಒಂದು ಊರಿಗೆ ಸೇರಿದ್ದೆಂದು ನಂಬಿ ಕೊಟ್ಟವರಿಗೆ, ಅದು ಕಾಯ್ದೆಯ ಅನುಸೂಚಿಗೆ ಸೇರಿದ್ದು ಎಂಬುದು ಹೀಗೆ ತಡವಾಗಿ ತಿಳಿಯುತ್ತದೆ.

ಪರಿಹಾರ ಇಲ್ಲವೆಂದಲ್ಲ. ದಾನಿ ಬದುಕಿದ್ದರೆ ಅವರ ಒಪ್ಪಿಗೆಯ ಪತ್ರ ಪಡೆದು ಸಿಂಡಿಕೇಟಿನ ಠರಾವಿನಿಂದ ಷರತ್ತನ್ನು ತಿದ್ದಬಹುದು. ದಾನಿ ತೀರಿಕೊಂಡಿದ್ದು, ಹಣ ಸಾರ್ವಜನಿಕ ಧರ್ಮಾರ್ಥ ನ್ಯಾಸದ ಸ್ವರೂಪದ್ದಾಗಿದ್ದು, ಮೂಲ ಉದ್ದೇಶ ನೆರವೇರಿಸುವುದು ಅಸಾಧ್ಯವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಡಿ ನ್ಯಾಯಾಲಯ ಆ ಉದ್ದೇಶಕ್ಕೆ ಅತಿ ಸಮೀಪವಾದ ಬೇರೊಂದಕ್ಕೆ ಹಣವನ್ನು ತಿರುಗಿಸಬಲ್ಲದು. ಐದು ಸಾವಿರದ ದತ್ತಿಗೆ ಯಾರು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ? ಅದಕ್ಕಾಗಿಯೇ ತಿದ್ದುವ ಅಧಿಕಾರವನ್ನು ದತ್ತಿಪತ್ರದಲ್ಲಿಯೇ ಬರೆದಿಡಬೇಕು. ನಾನು ಬರೆಸುವ ಪತ್ರಗಳಲ್ಲಿ ವಿಷಯವನ್ನು “ಕನ್ನಡ ಸಾಹಿತ್ಯ ಅಥವಾ ಅದಕ್ಕೆ ಸಮೀಪವಾದ ಅಧ್ಯಯನ” ಎಂದು ಸಡಿಲವಾಗಿ, ಪ್ರದೇಶವನ್ನು ಜಿಲ್ಲೆಯ ಬದಲು ಊರಿನ ಹೆಸರಿನಿಂದ ಸೂಚಿಸಿರುತ್ತೇನೆ; ಯಾವುದೇ ಷರತ್ತು ಸತತ ಎರಡು ವರ್ಷ ನೆರವೇರದಿದ್ದರೆ ಸಂಸ್ಥೆಯ ಆಡಳಿತ ಮಂಡಳಿ ಕಾರಣ ಬರೆದು ಅದನ್ನು ಬದಲಿಸಬಹುದೆಂದೂ, ವ್ಯಾಪ್ತಿ ಬದಲಾದರೆ ಇಡುಗಂಟನ್ನು ಹೊಸ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸತಕ್ಕದ್ದೆಂದೂ ಸೇರಿಸುತ್ತೇನೆ. ದಾನಿಗಳಿಗೆ ಈ ಸಡಿಲಿಕೆ ಮೊದಲು ಹಿಡಿಸುವುದಿಲ್ಲ. ತಂದೆಯ ಇಚ್ಛೆಯನ್ನು ಕಲ್ಲಿನಲ್ಲಿ ಕೊರೆದಂತೆ ಬರೆಸಬೇಕೆಂಬುದು ಅವರ ಹಂಬಲ.

ಪದಕದ ಬದಲು ಏನು ಎಂದು ಕೇಳಿದವರಿಗೆ ನಾನು ದತ್ತಿ ಉಪನ್ಯಾಸದ ಕಡೆ ಬೆರಳು ತೋರಿಸುತ್ತೇನೆ. ಧಾರವಾಡದಲ್ಲಿ ಸಂಜೆ ಹೊತ್ತು ಎಲ್ಲಿಯಾದರೂ ಒಂದು ದತ್ತಿ ಉಪನ್ಯಾಸ ನಡೆಯದ ವಾರ ಇಲ್ಲ. ವಿದ್ಯಾವರ್ಧಕ ಸಂಘದ ಸಭಾಂಗಣದಲ್ಲಂತೂ ಅದು ನಿತ್ಯದ ಮಾತು. ಅದರ ಖರ್ಚುಪಟ್ಟಿ ನನಗೆ ಬಾಯಿಪಾಠ: ಆಮಂತ್ರಣ ಪತ್ರಿಕೆಯ ಮುದ್ರಣ, ಉಪನ್ಯಾಸಕರ ಗೌರವಧನ ಮತ್ತು ಬಸ್ಸಿನ ಚಾರ್ಜು, ಶಾಲು, ಹಾರ, ಚಹಾ, ಅವಲಕ್ಕಿ, ಧ್ವನಿವರ್ಧಕದವನ ಬಿಲ್ಲು. ಒಂದು ಲಕ್ಷದ ಇಡುಗಂಟಿನ ಏಳು ಸಾವಿರದಲ್ಲಿ ಇವೆಲ್ಲವೂ ಕೈ ಬಿಗಿಹಿಡಿದರೆ ಮುಗಿಯುತ್ತವೆ. ಬಡ್ಡಿ ಇಳಿದ ವರ್ಷ ಶಾಲನ್ನು ಬಿಡಬಹುದು, ಆಮಂತ್ರಣವನ್ನು ವಾಟ್ಸಾಪಿನಲ್ಲಿ ಕಳಿಸಬಹುದು, ಉಪನ್ಯಾಸ ನಿಲ್ಲುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ ಕೆಲಸ ಸಿಗದ ತರುಣನಿಗೆ ಊರಿನ ಮುಂದೆ ಮಾತಾಡುವ ಮೊದಲ ಅವಕಾಶ ಇಂಥ ವೇದಿಕೆಯಲ್ಲಿ ಸಿಗುತ್ತದೆ. ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ಸಾಧನಕೇರಿಯ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು, ಪ್ರಾಧ್ಯಾಪಕರು ತರಗತಿಯಲ್ಲಿ ಎಂದೂ ಎದುರಿಸದ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದು ಕೊರತೆಯನ್ನು ಹೇಳಲೇಬೇಕು. ದಾನಿಯ ಕುಟುಂಬದ ಪರಿಚಯ, ಸನ್ಮಾನ, ಅಧ್ಯಕ್ಷರ ಮಾತು ಮುಗಿಯುವಷ್ಟರಲ್ಲಿ ಉಪನ್ಯಾಸಕ್ಕೆ ಇಪ್ಪತ್ತು ನಿಮಿಷ ಉಳಿಯುವ ಸಂದರ್ಭಗಳಿವೆ. ಆದ್ದರಿಂದ ಉಪನ್ಯಾಸ ನಲವತ್ತೈದು ನಿಮಿಷಕ್ಕೆ ಕಡಿಮೆ ಇರಕೂಡದೆಂದು ದತ್ತಿಪತ್ರದಲ್ಲಿ ಬರೆಯಿಸಿದ ಒಬ್ಬ ನಿವೃತ್ತ ಮುಖ್ಯಾಧ್ಯಾಪಕಿಯ ಬಗ್ಗೆ ನನಗೆ ಅಪಾರ ಗೌರವವಿದೆ.

ಊಟ ಮತ್ತು ವಸತಿಯ ದತ್ತಿಗಳನ್ನು ನಮ್ಮ ಕಾಲ ಮರೆಯುತ್ತಿದೆ. ಮೃತ್ಯುಂಜಯ ಅಪ್ಪಗಳ ಕಾಲದಿಂದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ತಲೆಮಾರುಗಳೇ ಇವೆ. ಇಂದು ವಸತಿ ನಿಲಯದ ಕೆಲಸವನ್ನು ಬಹುಪಾಲು ಸರ್ಕಾರದ ಇಲಾಖೆಗಳು ಮಾಡುತ್ತಿದ್ದರೂ, ಅರ್ಜಿ ಹಾಕಿ ಪ್ರವೇಶ ಸಿಗುವವರೆಗಿನ ತಿಂಗಳುಗಳಲ್ಲಿ ಹಳ್ಳಿಯಿಂದ ಬಂದ ಹುಡುಗಿ ಎಲ್ಲಿರಬೇಕು ಎಂಬ ಪ್ರಶ್ನೆ ಹಾಗೆಯೇ ಇದೆ. ಈ ನಡುವಿನ ಅವಧಿಯ ಊಟ, ಬಾಡಿಗೆಗೆಂದು ಹಣ ಇಡುವ ದಾನಿ ಸಿಕ್ಕರೆ ನಾನು ಶುಲ್ಕವಿಲ್ಲದೆ ಪತ್ರ ಬರೆದುಕೊಡುತ್ತೇನೆ.

ಹಳೆಯ ವಿದ್ಯಾರ್ಥಿಗಳ ಸಂಘಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟು ಮೃದುವಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಮೌಲ್ಯಮಾಪನದಲ್ಲಿ ನೋಂದಾಯಿತ ಹಳೆಯ ವಿದ್ಯಾರ್ಥಿ ಸಂಘ ಇದೆಯೇ ಎಂಬುದೊಂದು ಅಂಶವಾದ ಮೇಲೆ ಕಾಲೇಜುಗಳು ಸಾಲಾಗಿ ಇಂಥ ಸಂಘಗಳನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದವು. ಸಂಘದ ನೋಂದಣಿ ದಿನಾಂಕ ನೋಡಿದರೆ ಆ ಕಾಲೇಜಿಗೆ ನ್ಯಾಕ್ ತಂಡ ಬಂದ ವರ್ಷವನ್ನು ನಾನು ಊಹಿಸಬಲ್ಲೆ. ತಂಡ ಹೋದ ಮೇಲೆ ಸರ್ವಸಾಧಾರಣ ಸಭೆ ಇಲ್ಲ, ನಡಾವಳಿ ಪುಸ್ತಕದಲ್ಲಿ ಬರವಣಿಗೆ ಇಲ್ಲ, ನೋಂದಣಾಧಿಕಾರಿಗೆ ಸಲ್ಲಿಸಬೇಕಾದ ವಾರ್ಷಿಕ ಪಟ್ಟಿ, ಲೆಕ್ಕಪತ್ರ ಇಲ್ಲ. ಐದು ವರ್ಷಕ್ಕೊಮ್ಮೆ ಎಚ್ಚರಗೊಂಡು ದಂಡಸಹಿತ ಎಲ್ಲವನ್ನೂ ಒಟ್ಟಿಗೆ ಸಲ್ಲಿಸಲು ಓಡಿಬರುತ್ತಾರೆ. ಇಂಥ ಸಂಘದ ಖಾತೆಗೆ ಇಡುಗಂಟು ಹಾಕುವ ಮೊದಲು ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಮತ್ತು ಖಾತೆಗೆ ಸಹಿ ಮಾಡುವವರ ಹೆಸರುಗಳನ್ನು ಕೇಳಿ ಪಡೆಯಿರಿ. ಪದಾಧಿಕಾರಿಗಳೆಲ್ಲ ಆ ಕಾಲೇಜಿನ ನೌಕರರೇ ಆಗಿದ್ದರೆ ಅದು ಊರಿನ ಸಂಸ್ಥೆಯಲ್ಲ, ಕಾಲೇಜಿನ ಇನ್ನೊಂದು ಕಡತ.

ತೆರಿಗೆಯ ಮಾತು ಕೊನೆಗೆ ಬರುವುದೇ ಸರಿ, ಆದರೆ ತಪ್ಪು ತಿಳಿವಳಿಕೆ ಇಲ್ಲಿ ಬಹಳ. ಸಂಘ ಅಥವಾ ನ್ಯಾಸಕ್ಕೆ ದಾನದ ಮೇಲಿನ ಆದಾಯ ತೆರಿಗೆ ವಿನಾಯಿತಿಯ ಮಾನ್ಯತೆ (1961ರ ಕಾಯ್ದೆಯಲ್ಲಿ ಇದು 80ಜಿ ಕಲಮು) ಇದ್ದರೆ ದಾನಿಗೆ ಸಾಮಾನ್ಯವಾಗಿ ಕೊಟ್ಟ ಮೊತ್ತದ ಅರ್ಧದಷ್ಟು ವಿನಾಯಿತಿ ಸಿಗುತ್ತದೆ, ಅದೂ ಆದಾಯದ ಒಂದು ಮಿತಿಯೊಳಗೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ಪಿಂಚಣಿದಾರರಲ್ಲಿ ಹೆಚ್ಚಿನವರು ಈಗ ಆ ಪದ್ಧತಿಯಲ್ಲಿಯೇ ಇದ್ದಾರೆಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ. ಹಳೆಯ ಪದ್ಧತಿಯಲ್ಲಿರುವವರೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಹಣಕ್ಕೆ ವಿನಾಯಿತಿ ಕೇಳುವಂತಿಲ್ಲ. ಪಡೆಯುವ ಸಂಸ್ಥೆಯ ಕಡೆಯಿಂದ ಮುಖ್ಯವಾದದ್ದು ಇನ್ನೊಂದು: “ಈ ಹಣವನ್ನು ಇಡುಗಂಟಾಗಿ ಇಡತಕ್ಕದ್ದು” ಎಂದು ದಾನಿ ಲಿಖಿತವಾಗಿ ಹೇಳದಿದ್ದರೆ ಅದು ಆ ವರ್ಷದ ಆದಾಯವಾಗುತ್ತದೆ, ಆದಾಯದ ಶೇಕಡಾ 85ನ್ನು ಆಯಾ ವರ್ಷವೇ ಖರ್ಚು ಮಾಡಬೇಕೆಂಬ ನಿಯಮದ ಬಾಯಿಗೆ ಬೀಳುತ್ತದೆ. ಆ ಶೇಕಡಾ 85 ಸಂಸ್ಥೆಯ ಒಟ್ಟು ಆದಾಯಕ್ಕೆ ಅನ್ವಯಿಸುತ್ತದೆಯೇ ಹೊರತು ಒಂದೊಂದು ದತ್ತಿಗಲ್ಲ, ಹೀಗಾಗಿ ಒಂದು ದತ್ತಿಯ ಬಡ್ಡಿಯ ಅರ್ಧವನ್ನು ಮರಳಿ ಕೂಡಿಸಲು ಅಡ್ಡಿಯಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಇಡುಗಂಟಿಗೆ ಹಾಕಿದರೆ 2021ರಿಂದ ಅದು ಆ ಲೆಕ್ಕಕ್ಕೆ ಸಲ್ಲುವುದಿಲ್ಲ; ಅವರಿಂದ ಕಂಪ್ಯೂಟರು, ಶೌಚಾಲಯ, ಗ್ರಂಥಾಲಯದ ಕಪಾಟು ಕೇಳಿ, ದತ್ತಿ ಕೇಳಬೇಡಿ.

ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳಿಂದ ಹಣ ಬರುವಾಗ ಇನ್ನಷ್ಟು ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಮೆರಿಕದಲ್ಲಿ ದುಡಿಯುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಅಲ್ಲಿಯ ಪೌರತ್ವ ಪಡೆದವರ ಹಣ, ಅವರು ಧಾರವಾಡದ ಮಾಳಮಡ್ಡಿಯಲ್ಲಿಯೇ ಹುಟ್ಟಿ ಬೆಳೆದಿದ್ದರೂ, ವಿದೇಶಿ ವಂತಿಗೆಯೇ. ಅದನ್ನು ಪಡೆಯಲು ಸಂಘಕ್ಕೆ ಪ್ರತ್ಯೇಕ ನೋಂದಣಿ ಬೇಕು, ಹಣ ಮೊದಲು ಬರಬೇಕಾದದ್ದು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ. ನೋಂದಣಿ ಇರುವ ಸಂಸ್ಥೆ ತಾನು ಪಡೆದು ಇನ್ನೊಂದಕ್ಕೆ ದಾಟಿಸುವ ಹಳೆಯ ರೂಢಿಯೂ 2020ರ ತಿದ್ದುಪಡಿಯಿಂದ ಮುಚ್ಚಿಹೋಯಿತು. ಅಭಿಮಾನದಿಂದ ಡಾಲರ್ ಕಳಿಸಿದ ಗೆಳೆಯನಿಗೆ ಅದನ್ನು ಹಿಂದಿರುಗಿಸುವುದು ಮುಜುಗರದ ಕೆಲಸವಾದ್ದರಿಂದ, ಕಳಿಸುವ ಮೊದಲೇ ಪೌರತ್ವ ಯಾವುದೆಂದು ಕೇಳುವ ಸಂಕೋಚವನ್ನು ಕಾರ್ಯದರ್ಶಿಗಳು ಬಿಡಬೇಕು.

ಈಗಾಗಲೇ ಕೊಟ್ಟು, ದತ್ತಿಪತ್ರ ಕಳೆದುಕೊಂಡ ಕುಟುಂಬಗಳು ಏನು ಮಾಡಬೇಕು? ಮೊದಲು ಆ ಕಾಲದ ಘಟಿಕೋತ್ಸವ ಪುಸ್ತಿಕೆಗಳನ್ನು ಹುಡುಕಿ. ಪದಕದ ಹೆಸರಿನ ಜೊತೆಗೆ ಅದರ ಷರತ್ತು ಅಲ್ಲಿ ಒಂದೆರಡು ಸಾಲಿನಲ್ಲಿ ಅಚ್ಚಾಗಿರುವುದುಂಟು, ಎಷ್ಟೋ ದತ್ತಿಗಳ ಮಟ್ಟಿಗೆ ಉಳಿದ ಏಕೈಕ ದಾಖಲೆ ಅದೇ. ಆಮೇಲೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ವಿಶ್ವವಿದ್ಯಾಲಯದ ಮಾಹಿತಿ ಅಧಿಕಾರಿಗೆ ಅರ್ಜಿ ಕೊಟ್ಟು ಮೂರು ಸಂಗತಿ ಕೇಳಿ: ದತ್ತಿಯನ್ನು ಸ್ವೀಕರಿಸಿದ ಠರಾವಿನ ದೃಢೀಕೃತ ಪ್ರತಿ, ಇಡುಗಂಟು ಮತ್ತು ಕೂಡಿದ ಬಡ್ಡಿಯ ಇಂದಿನ ಮೊತ್ತ, ಕೊನೆಯ ಬಾರಿ ಬಹುಮಾನ ಕೊಟ್ಟ ವರ್ಷ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಹಣ ಕೊಟ್ಟದ್ದು ವಿಶ್ವವಿದ್ಯಾಲಯಕ್ಕಲ್ಲದೆ ಖಾಸಗಿ ಸಂಘವೊಂದಕ್ಕೆ ಆಗಿದ್ದರೆ ಈ ಕಾಯ್ದೆ ಬಹುತೇಕ ಅನ್ವಯಿಸುವುದಿಲ್ಲ. ಆಗ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಯ ಕಚೇರಿಗೆ ಹೋಗಿ, ಆ ಸಂಘ ಸಲ್ಲಿಸಿದ ಆಸ್ತಿ-ಹೊಣೆ ತಃಖ್ತೆಯ ನಕಲು ಪಡೆದು, ಅದರ ದತ್ತಿಗಳ ಅನುಬಂಧದಲ್ಲಿ ನಿಮ್ಮ ತಂದೆಯವರ ಹೆಸರು ಇನ್ನೂ ಪ್ರತ್ಯೇಕವಾಗಿ ಇದೆಯೇ ಅಥವಾ “ಇತರೆ” ಎಂಬ ಸಾಲಿನಲ್ಲಿ ಸೇರಿದೆಯೇ ನೋಡಿಕೊಳ್ಳಿ.